ಟಾನಿಕ್ಕಿಗೆ ಬಗ್ಗದ ಕುಂಟು

ಬದಿಯಡ್ಕ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಕೋಳಿ ಓಡಾಡುವುದು ಹೊಸತಲ್ಲ. ಆದರೆ ಒಂದೇ ಸಲ 50 ಗ್ರಾಮಶ್ರೀ ತಳಿಯ ಮರಿ ತಂದದ್ದು ಅದೇ ಮೊದಲು. ಅಂಗಡಿಯಲ್ಲಿ ಸಿಗುವ ಮರಿ ಆಹಾರ, ಅಂದರೆ ಸ್ಟಾರ್ಟರ್ ಫೀಡಿನ ರೇಟು ಕೇಳಿ, ಮನೆಯಲ್ಲೇ ಕಲಸಿದರಾಯ್ತು ಅಂದುಕೊಂಡೆ. ನುಚ್ಚು, ತೌಡು, ತೆಂಗಿನ ಹಿಂಡಿ. ಎಲುಬು ಗಟ್ಟಿಯಾಗಲಿ ಎಂದು ಮರುವಾಯಿ (ಚಿಪ್ಪುಮೀನು) ಚಿಪ್ಪು ಕುಟ್ಟಿ ಧಾರಾಳ ಸೇರಿಸಿದೆ. ದೊಡ್ಡ ಕೋಳಿಗಳು ಇದನ್ನೇ ತಿಂದು ಮೊಟ್ಟೆ ಇಡುತ್ತಿದ್ದವು. ಮರಿಗೆ ಯಾಕೆ ಆಗಬಾರದು, ಅಲ್ವಾ?

ಮೂರನೇ ವಾರ ಒಂದು ಮರಿ ಕುಂಟಿತು. ಮರುದಿನ ಮೂರು. ಕಾಲಿನ ನಡುಗಂಟು ದಪ್ಪಗಾಗಿ, ಅಲ್ಲಿಂದ ಕೆಳಗೆ ಕಾಲು ಹೊರಗೆ ತಿರುಚಿತ್ತು. ರೆಕ್ಕೆ ಊರಿ ನೀರಿನ ಹತ್ತಿರ ತೆವಳುವಾಗ ಉಳಿದವು ಮೆಟ್ಟಿಕೊಂಡೇ ಹೋಗುತ್ತಿದ್ದವು. ಕಾಲಿನ ತೊಂದರೆಗೆ ಬಿ ವಿಟಮಿನ್ ಅಂತ ಕೇಳಿದ್ದೆ. ಟಾನಿಕ್ ತಂದು ಐದು ದಿನ ನೀರಿಗೆ ಬಿಟ್ಟೆ. ಅಷ್ಟರಲ್ಲಿ ಕುಂಟುವವು ಏಳಾದವು.

ಒಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಮೃಗಾಸ್ಪತ್ರೆಗೆ ಹೋದೆ. "ಬೆರಳು ಒಳಗೆ ಮುದುಡಿದ್ದರೆ ಬಿ2 ಕೊರತೆ. ಇದು ಹಾಗಲ್ಲ, ಇಲ್ಲಿ ಮುಟ್ಟಿ ನೋಡಿ" ಎಂದರು ಡಾಕ್ಟ್ರು. ಗಂಟಿನ ಹಿಂದೆ ಇರಬೇಕಾದ ನರ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಟೆಂಡನ್) ಬದಿಗೆ ಜಾರಿ ದಾರದ ಹಾಗೆ ಕೈಗೆ ಸಿಕ್ಕಿತು. ಇದು ಪೆರೋಸಿಸ್. ಹೆಚ್ಚಾಗಿ ಕೋಲಿನ್ ಎಂಬ ಪೋಷಕಾಂಶ ಇಲ್ಲವೇ ಮ್ಯಾಂಗನೀಸ್ ಎಂಬ ಖನಿಜ ಸಾಲದೆ ಬರುತ್ತದೆ.

ಕೋಲಿನ್ ವಿಟಮಿನ್‌ಗಳ ಸಾಲಿನಲ್ಲೇ ಕೂತರೂ ಪೂರ್ತಿ ವಿಟಮಿನ್ ಅಲ್ಲ. ಬೆಳೆದ ಕೋಳಿ ತನ್ನ ಲಿವರಿನಲ್ಲೇ ಅದನ್ನು ಮಾಡಿಕೊಳ್ಳುತ್ತದೆ. ಮರಿಗೆ ಅಷ್ಟು ತಾಕತ್ತಿಲ್ಲ. ನಾನು ಎಡವಿದ್ದು ಅಲ್ಲೇ. ಒಂದು ಕೆಜಿ ಮರಿ ಆಹಾರದಲ್ಲಿ ಬಿ2 ಸುಮಾರು 4 ಮಿಲಿಗ್ರಾಂ ಇದ್ದರೆ ನಡೆಯುತ್ತದೆ, ಕೋಲಿನ್ ಮಾತ್ರ 1300 ಮಿಲಿಗ್ರಾಂ ಹತ್ತಿರ ಬೇಕು. ನಾಲ್ಕು ಹನಿ ಟಾನಿಕ್ಕಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ನನ್ನ ಚಿಪ್ಪಿನ ಪುಡಿಯೂ ಕೆಡಿಸಿತ್ತು. ಸುಣ್ಣದಂಶ ಜಾಸ್ತಿಯಾದರೆ ಮ್ಯಾಂಗನೀಸ್ ಮೈಗೆ ಹತ್ತುವುದಿಲ್ಲ.

ಜಾರಿದ ನರ ತಾನಾಗಿ ಮತ್ತೆ ಕೂರುವುದಿಲ್ಲ. ಆ ಏಳು ಮರಿ ಉಳಿಯಲಿಲ್ಲ.

ಈಗ ನುಚ್ಚಿಗೆ ಸೋಯಾ ಹಿಂಡಿ, ಉಪ್ಪು ಹಾಕದ ಒಣಮೀನಿನ ಪುಡಿ ಸೇರಿಸುತ್ತೇನೆ. ಎರಡರಲ್ಲೂ ಕೋಲಿನ್ ಚೆನ್ನಾಗಿದೆ. ಜೊತೆಗೆ ಖನಿಜ ಮಿಶ್ರಣ, ವಿಟಮಿನ್ ಪುಡಿ, ಕೆಜಿಗೆ 1 ಗ್ರಾಂ ಕೋಲಿನ್ ಕ್ಲೋರೈಡ್ (60 ಶೇಕಡಾದ್ದು). ಈ ಪುಡಿಗೆ ಮೀನಿನ ವಾಸನೆ. ನಮ್ಮ ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಚೂರು ಸಡಿಲವಿದ್ದರೂ ನೀರೊಡೆದು ಹಳೇ ಬೆಲ್ಲದ ಹಾಗೆ ಅಂಟುತ್ತದೆ. ವಿಟಮಿನ್ ಪುಡಿಯ ಜೊತೆ ಕಲಸಿಟ್ಟರೆ ಅದನ್ನೂ ಹಾಳು ಮಾಡುತ್ತದೆ. ಹಾಗಾಗಿ ಅದಕ್ಕೆ ಬೇರೆ ಡಬ್ಬ, ಒಂದು ವಾರಕ್ಕಾಗುವಷ್ಟೇ ಫೀಡು. ನಿಜ ಹೇಳಬೇಕೆಂದರೆ ಉಳಿತಾಯ ಅಷ್ಟೇನಿಲ್ಲ. ಹತ್ತು ಮರಿ ಸಾಕುವವರು ಸುಮ್ನೆ ಸ್ಟಾರ್ಟರ್ ಫೀಡೇ ತನ್ನಿ.

ಚಿಪ್ಪಿನ ಪುಡಿ ಇನ್ನೂ ಅರ್ಧ ಚೀಲ ಇದೆ. ಮೊಟ್ಟೆ ಇಡುವ ಕೋಳಿಗಳಿಗೆ ಹಾಕಿ ಮುಗಿಸುತ್ತಿದ್ದೇನೆ.