ಮೊಲದ ಗೂಡಿಗೆ ಕೋಳಿ ಜಾಲರಿ ಸಾಲಲ್ಲ

ಮೂಡಿಗೆರೆ ಕಡೆ ತೋಟದ ಮನೆಯಲ್ಲಿ ಮೊಲ, ಗಿನಿಪಿಗ್ ಸಾಕಿರುವವರಿಗೆ ಒಂದು ಮಾತು.

ಹೋದ ಮಳೆಗಾಲದಲ್ಲಿ ನಮ್ಮ ಎರಡು ಮೊಲ ಹೋದವು. ಬೆಳಿಗ್ಗೆ ನೋಡಿದರೆ ಗೂಡಿನ ಮೂಲೆಯಲ್ಲಿ ತಂತಿ ಬಾಗಿತ್ತು, ತುದಿಗೆ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ನಾನು ಹಾಕಿದ್ದು ತೆಳು ತಂತಿಯ ಕೋಳಿ ಜಾಲರಿ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ. ಬೀದಿನಾಯಿ, ಕಾಡುಬೆಕ್ಕಿನ ಹಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ.

ಈಗ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ತಂತಿಗಳನ್ನು ಬೆಸೆದು ಮಾಡಿದ ಗಟ್ಟಿ ಜಾಲರಿ) ಹಾಕಿದ್ದೇನೆ. ದುಡ್ಡು ಜಾಸ್ತಿ, ನಿಜ. ಆದರೆ ಕಣ್ಣು ದೊಡ್ಡದಿದ್ದರೆ ಹಾವು ನುಸುಳುತ್ತದೆ. ಮುಂಗುಸಿ, ನಾಯಿ ಮಣ್ಣು ಕೆರೆದು ಒಳಗೆ ಬರುತ್ತವೆ, ಅದಕ್ಕೆ ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂತು ತುದಿಯನ್ನು ಹೊರಕ್ಕೆ ಮಡಚಿ. ಮೇಲೂ ಮುಚ್ಚಿ, ಹಗಲು ಗಿಡುಗನ ಕಾಟ ಇದೆಯಲ್ವಾ. ಸಂಜೆ ಉಳಿದ ಮೇವು, ಕಾಳು ತೆಗೆದುಬಿಡಿ. ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು.

ಸಣ್ಣ ನಾಯಿ ಇದ್ದರೆ ರಾತ್ರಿ ಅಂಗಳದಲ್ಲಿ ಕಟ್ಟಲೇಬೇಡಿ. ಚಿರತೆ ಬಂದರೆ ಪಾಪ, ಓಡೋಕೂ ಆಗಲ್ಲ. ಮನೆಯೊಳಗೆ ಇಲ್ಲವೇ ಬಾಗಿಲಿರುವ ಕೋಣೆಯಲ್ಲಿ ಮಲಗಿಸಿ.

ಸಿಟ್ಟಿಗೆ ಉರುಳು, ವಿಷ, ಬೇಲಿಗೆ ಕರೆಂಟು ಅಂತ ಹೋಗಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಜೊತೆಗೆ ನಮ್ಮದೇ ದನ, ಆಳುಗಳು ಸಿಕ್ಕಿಕೊಳ್ಳುತ್ತಾರೆ. ಚಿರತೆ ಹೆಜ್ಜೆ ಕಂಡರೆ ಫೋಟೊ ತೆಗೆದು ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.