ಕುಡ್, ವುಡ್, ಮೈಟ್: ಇಂಗ್ಲೆಂಡಿಗೆ ಹೊರಟ ನಮ್ಮೂರಿನವರಿಗೆ

ಜುಲೈ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ನನಗೆ ಮೆಸೇಜ್ ಶುರುವಾಗುತ್ತವೆ. ಸೆಪ್ಟೆಂಬರ್‌ನಲ್ಲಿ ಕ್ಲಾಸು, ಕುಕ್ಕರ್ ತರಲಾ? ಶೇಂಗಾ ಚಟ್ನಿಪುಡಿ ಬಿಡ್ತಾರಾ? ಇದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ತೂಕವಿಲ್ಲದ ಸಾಮಾನಿನ ಬಗ್ಗೆ. ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶಲ್, ಶುಡ್, ಮಸ್ಟ್. ಹೈಸ್ಕೂಲಿನಲ್ಲಿ ಮೋಡಲ್ ವರ್ಬ್ ಅಂತ ಬಿಟ್ಟ ಸ್ಥಳ ತುಂಬಿ ಮರೆತುಬಿಟ್ಟೆವಲ್ಲ, ಅವೇ.

ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ನಾನು ಬಂದು ಸೇರಿದ್ದು ಅಸಲಿ ಮ್ಯಾಂಚೆಸ್ಟರಿಗೆ. ಬಂದ ಮೊದಲ ವಾರ ಕಾಫಿ ಅಂಗಡಿಯಲ್ಲಿ "ಗಿವ್ ಮಿ ಒನ್ ಕಾಫಿ" ಅಂದೆ. ಕೌಂಟರಿನ ಹುಡುಗಿ ಕಾಫಿ ಕೊಟ್ಟಳು, ಮುಖ ಮಾತ್ರ ಗಂಟಾಯಿತು. ನನಗೆ ಅರ್ಥವೇ ಆಗಲಿಲ್ಲ. ಮರುದಿನ "ಪ್ಲೀಸ್" ಸೇರಿಸಿದೆ. ಗಂಟು ಅರ್ಧ ಬಿಚ್ಚಿತು, ಅಷ್ಟೇ.

ಈ ಸಲ ಜೂನ್‌ನಲ್ಲಿ ಊರಿಗೆ ಬಂದಾಗ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತು ಕಿವಿಗೊಟ್ಟು ಕೇಳಿದೆ. "ಅಣ್ಣಾ, ಇಲ್ಲೊಂದು ಬೆಣ್ಣೆ ಖಾಲಿ ಕೊಡಣ್ಣ." "ಚಟ್ನಿ ಹಾಕ್ರೀ." ಎಲ್ಲವೂ ಅಪ್ಪಣೆ ಕೊಡುವ ಕ್ರಿಯಾಪದಗಳೇ. ಆದರೆ ಯಾರಿಗೂ ಒರಟು ಅನ್ನಿಸುವುದಿಲ್ಲ. ಯಾಕೆಂದರೆ ಮರ್ಯಾದೆಯೆಲ್ಲ ಆ "ಅಣ್ಣ"ದಲ್ಲಿ, ಆ "ರೀ"ಯಲ್ಲಿ ಇದೆ. ಇಂಗ್ಲಿಷಿನಲ್ಲಿ ಅಣ್ಣನೂ ಇಲ್ಲ, ರೀಯೂ ಇಲ್ಲ. ಆ ಕೆಲಸ ಮಾಡಲು ಇರುವುದು ಕುಡ್ ಮತ್ತು ವುಡ್. "ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?" ಅನ್ನಿ. ಇದನ್ನು "ನಾನು ಕಾಫಿ ಪಡೆಯಬಹುದಾಗಿತ್ತೇ" ಅಂತ ಮನಸ್ಸಲ್ಲೇ ಕನ್ನಡ ಮಾಡಲು ಹೋಗಬೇಡಿ, ತಲೆ ಕೆಡುತ್ತದೆ. ಅದರ ಕನ್ನಡ "ಅಣ್ಣಾ, ಒಂದು ಕಾಫಿ". ಅಷ್ಟೇ.

ಇನ್ನು ನನಗೆ ನಿಜವಾಗಿ ಏಟು ಬಿದ್ದ ಕಥೆ. ಮೊದಲ ಕೆಲಸದಲ್ಲಿ ಒಂದು ರಿಪೋರ್ಟ್ ಬರೆದು ಕೊಟ್ಟಿದ್ದೆ. ಮ್ಯಾನೇಜರ್ ನಗುತ್ತಲೇ "ಯು ಮೈಟ್ ವಾಂಟ್ ಟು ಹ್ಯಾವ್ ಅನದರ್ ಲುಕ್ ಅಟ್ ದಿಸ್" ಅಂದರು. ಮೈಟ್ ಅಂದರೆ "ಬಹುದು". ಇನ್ನೊಮ್ಮೆ ನೋಡಬಹುದು, ನೋಡದೆಯೂ ಇರಬಹುದು. ನನಗೆ ನೋಡುವ ಮನಸ್ಸಿರಲಿಲ್ಲ, ಬಿಟ್ಟೆ. ಶುಕ್ರವಾರ ಮೀಟಿಂಗಿನಲ್ಲಿ ಎಲ್ಲರ ಮುಂದೆ ತಪ್ಪು ಲೆಕ್ಕ ಹೊರಗೆ ಬಂತು. ಆಮೇಲೆ ಗೊತ್ತಾಯಿತು, ಅವರು ಹೇಳಿದ್ದು "ಇದು ಸರಿಯಿಲ್ಲ, ತಿದ್ದು" ಅಂತ. ಬ್ರಿಟಿಷರ ಆಫೀಸಿನಲ್ಲಿ ಮಾತು ಮೆತ್ತಗಾದಷ್ಟೂ ಕೆಲಸ ಅರ್ಜೆಂಟು ಅಂತಲೇ ತಿಳಿದುಕೊಳ್ಳಿ. "ಯು ಮೈಟ್ ವಾಂಟ್ ಟು", "ಕುಡ್ ಯು ಪರ್‌ಹ್ಯಾಪ್ಸ್", "ಇಟ್ ವುಡ್ ಬಿ ಹೆಲ್ಪ್‌ಫುಲ್ ಇಫ್" ಇವುಗಳಲ್ಲಿ ಯಾವುದು ಕಿವಿಗೆ ಬಿದ್ದರೂ ಪೆನ್ನು ತೆಗೆಯಿರಿ.

ಇದಕ್ಕೆ ತದ್ವಿರುದ್ಧ ಇನ್ನೊಂದಿದೆ. "ವಿ ಮಸ್ಟ್ ಹ್ಯಾವ್ ಲಂಚ್ ಸಮ್‌ಟೈಮ್!" ಇಲ್ಲಿ ಮಸ್ಟ್ ಇದೆ, ಆದರೂ ಊಟ ಇಲ್ಲ. ಡೈರಿ ತೆಗೆದು "ಯಾವತ್ತು?" ಅಂತ ಕೇಳಬೇಡಿ. ನಮ್ಮಲ್ಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ "ಬರ್ರೀ ಮನೆಗೆ, ಊಟ ಮಾಡ್ಕೊಂಡು ಹೋಗೋರಂತೆ" ಅನ್ನುತ್ತೇವಲ್ಲ, ಅದೇ ಜಾತಿ.

ನಮ್ಮ ತೊಂದರೆಯ ಬೇರು ಇರುವುದು ನಮ್ಮ "ಬಹುದು" ಮತ್ತು "ಬೇಕು"ಗಳಲ್ಲಿ. ಹೋಗಬಹುದು ಅಂದರೆ ಅನುಮತಿಯೂ ಆಯಿತು, ಊಹೆಯೂ ಆಯಿತು. ಇಂಗ್ಲಿಷಿನ ಕ್ಯಾನ್ ಹಾಗಲ್ಲ. ನಾಳೆ ಮಳೆ ಬರಬಹುದು ಅನ್ನಲು ನಮ್ಮ ಹುಡುಗರು "ಇಟ್ ಕ್ಯಾನ್ ರೈನ್ ಟುಮಾರೋ" ಅನ್ನುತ್ತಾರೆ. ತಪ್ಪು. ನಾಳೆಯ ಊಹೆಗೆ ಮೈಟ್, ಮೇ ಅಥವಾ ಕುಡ್ ಬೇಕು. "ಕ್ಯಾನ್ ಏಬಲ್ ಟು" ಅನ್ನುವುದನ್ನಂತೂ ಊರಲ್ಲೇ ಕೆರೆಗೆ ಎಸೆದು ವಿಮಾನ ಹತ್ತಿ. ಕ್ಯಾನ್ ಇದ್ದಮೇಲೆ ಏಬಲ್ ಯಾಕೆ?

"ಬೇಕು" ಮಾತ್ರ ಒಂದು ಕಡೆ ನಮಗೆ ಸಹಾಯ ಮಾಡುತ್ತದೆ. "ಅವನು ಮನೇಲಿ ಇರಬೇಕು" ಅಂದರೆ ಇರಲೇಬೇಕು ಅಂತಲೂ ಹೌದು, ಬಹುಶಃ ಇದ್ದಾನೆ ಅಂತಲೂ ಹೌದು. ಮಸ್ಟ್ ಕೂಡ ಹಾಗೇ, "ಹಿ ಮಸ್ಟ್ ಬಿ ಅಟ್ ಹೋಮ್". ಇದನ್ನು ಯಾರೂ ಕಲಿಸಬೇಕಿಲ್ಲ.

ಆದರೆ ಮಸ್ಟ್ ಬೇರೆ, ಶುಡ್ ಬೇರೆ. ಇದನ್ನು ನೋಡಬೇಕಿದ್ದರೆ ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಓದಿ. ಊರಿನ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಕಾರು ಓಡಿಸಬಹುದು, ಆಮೇಲೂ ಓಡಿಸಬೇಕೆಂದರೆ ಪರೀಕ್ಷೆ ಕಟ್ಟಬೇಕು. ಹೇಗೂ ಓದಲೇಬೇಕಾದ ಪುಸ್ತಕ. ಅದರಲ್ಲಿ ಮಸ್ಟ್, ಮಸ್ಟ್ ನಾಟ್ ಅಂತ ದೊಡ್ಡಕ್ಷರದಲ್ಲಿ ಇದ್ದರೆ ಅದು ಕಾನೂನು, ಮೀರಿದರೆ ಅಪರಾಧ. ಶುಡ್ ಅಂತ ಇದ್ದರೆ ಬುದ್ಧಿಮಾತು. ಆದರೆ ಬುದ್ಧಿಮಾತು ಅಂತ ಸದರ ಬೇಡ, ಅಪಘಾತವಾದರೆ ಕೋರ್ಟಿನಲ್ಲಿ ಅದನ್ನೂ ಎತ್ತಿ ತೋರಿಸಬಹುದು. ಸಾಫ್ಟ್‌ವೇರ್‌ನವರಿಗೆ ಇದು ಹೊಸದೇನಲ್ಲ, ಇಂಟರ್‌ನೆಟ್ ನಿಯಮಗಳಲ್ಲಿ ಮಸ್ಟ್, ಶುಡ್, ಮೇ ಅಂದರೆ ಏನೇನು ಅಂತ 1997ರಲ್ಲೇ ಬರೆದಿಟ್ಟಿದ್ದಾರೆ. ಆರ್‌ಎಫ್‌ಸಿ 2119, ಪುಟ್ಟ ಕಾಗದ, ಓದಿ.

ಎಲ್ಲಕ್ಕಿಂತ ಅಪಾಯದ್ದು "ಬೇಡ". ಅದೇ ಜೂನ್‌ನಲ್ಲಿ ಕುಂದವಾಡ ಕೆರೆ ಏರಿ ಮೇಲೆ ಅಕ್ಕನ ಮಗಳ ಜೊತೆ ವಾಕಿಂಗ್ ಹೋಗಿದ್ದೆ. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಅವಳು ನರ್ಸ್, ಒಇಟಿಗೆ, ಅಂದರೆ ಡಾಕ್ಟರು, ನರ್ಸುಗಳ ಇಂಗ್ಲಿಷ್ ಪರೀಕ್ಷೆಗೆ, ತಯಾರಾಗುತ್ತಿದ್ದಳು. ಅದರಲ್ಲಿ ಒಬ್ಬರು ರೋಗಿಯಾಗಿ ಕೂರುತ್ತಾರೆ, ನೀವು ನರ್ಸಾಗಿ ಮಾತಾಡಬೇಕು. ನಾನೇ ರೋಗಿಯಾದೆ. "ಸಿಸ್ಟರ್, ಈ ಮಾತ್ರೆ ಹಾಲಿನ ಜೊತೆ ತಗೋಬೇಕಾ?" ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಪಟ್ಟನೆ "ಯು ಮಸ್ಟ್ ನಾಟ್ ಟೇಕ್ ಇಟ್ ವಿತ್ ಮಿಲ್ಕ್" ಅಂದಳು.

"ಹಾಲು ಕುಡಿದ್ರೆ ಏನಾಗುತ್ತೆ?"

"ಏನೂ ಆಗಲ್ಲ ಮಾಮ. ಹಾಲೇ ಬೇಕು ಅಂತೇನಿಲ್ಲ ಅಂದೆ."

ನೋಡಿ, ಅಲ್ಲೇ ಎಡವಿದ್ದು. ಮಸ್ಟ್ ನಾಟ್ ಅಂದರೆ ಕೂಡದು. ಬೇಕಾಗಿಲ್ಲ ಅನ್ನಲು "ಯು ಡೋಂಟ್ ಹ್ಯಾವ್ ಟು". ಮಸ್ಟ್ ಮತ್ತು ಹ್ಯಾವ್ ಟು ಹೆಚ್ಚುಕಡಿಮೆ ಒಂದೇ, ಆದರೆ "ಇಲ್ಲ" ಸೇರಿದ ಕೂಡಲೇ ಎರಡೂ ಎರಡು ದಾರಿ ಹಿಡಿಯುತ್ತವೆ. ಅವತ್ತು ಕೆರೆ ಒಂದು ಸುತ್ತು ಮುಗಿಯುವವರೆಗೂ "ಕೂಡದು, ಬೇಕಾಗಿಲ್ಲ" ಅಂತ ಬಾಯಿಪಾಠ ನಡೆಯಿತು. ಎದುರಿಗೆ ಬಂದವರು ತಿರುಗಿ ನೋಡಿದರು.

ಶಲ್ ಅನ್ನು ಹಳೇ ಗ್ರಾಮರಿನಲ್ಲಿ ಐ, ವಿ ಜೊತೆ ಭವಿಷ್ಯಕ್ಕೆ ಅಂತ ಉರು ಹೊಡೆಸಿದ್ದರು, ಬಿಟ್ಟುಬಿಡಿ. ಇಂಗ್ಲೆಂಡಿನ ಮನೆಮಾತಿನಲ್ಲಿ ಅದರ ಕೆಲಸ ಚೆಂದ ಇದೆ. "ಶಲ್ ವಿ ಗೋ?" ಅಂದರೆ "ಹೋಗೋಣವಾ?". "ಶಲ್ ಐ ಓಪನ್ ದ ವಿಂಡೋ?" ಅಂದರೆ "ಕಿಟಕಿ ತೆಗೀಲಾ?". ಇನ್ನು "ಐ ವುಡ್ ಬಿ ಕಮಿಂಗ್ ಟುಮಾರೋ" ಅಂತ ಮೇಲ್ ಬರೆಯಬೇಡಿ, ಬರ್ತೀನಿ ಅನ್ನಲು ವಿಲ್ ಸಾಕು. ವುಡ್ ಹಾಕಿದರೆ "ಬರ್ತಿದ್ದೆ, ಆದರೆ..." ಅಂತ ಆ ಕಡೆಯವರು ಮುಂದಿನ ಸಾಲಿಗೆ ಕಾಯುತ್ತಾರೆ.

ಕಿವಿಯದೂ ಒಂದು ಸಮಸ್ಯೆ ಇದೆ. ಮಾತಿನ ಮಧ್ಯೆ ಕ್ಯಾನ್ ಸವೆದು "ಕನ್" ಆಗುತ್ತದೆ, ಒತ್ತು ಮುಂದಿನ ಪದಕ್ಕೆ ಹೋಗುತ್ತದೆ. ಕಾಂಟ್ ಮೇಲೆ ಮಾತ್ರ ಒತ್ತು ಪೂರ್ತಿ. ನಾವು "ಐ ಕ್ಯಾನ್ ಕಮ್" ಅಂತ ಕ್ಯಾನ್ ಒತ್ತಿ ಹೇಳಿದರೆ, ಅಮೆರಿಕದವರಿಗೆ ಬರಲ್ಲ ಅಂದ ಹಾಗೆ ಕೇಳಿಸಬಹುದು, ಅವರ ಕ್ಯಾಂಟ್‌ನಲ್ಲಿ ಕೊನೆಯ "ಟ" ನುಂಗಿಹೋಗಿರುತ್ತದೆ. ಅನುಮಾನ ಬಂದರೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳಿ.

ಅಕ್ಕನ ಮಗಳು ಪಾಸಾಗಿ ಈಗ ಇಲ್ಲೇ ಬಂದಿದ್ದಾಳೆ. ಮೊನ್ನೆ ರಾತ್ರಿ ಗಾಬರಿಯಲ್ಲಿ ಫೋನ್ ಮಾಡಿದಳು. ಊರಿಂದ ತಂದ ನಿಪ್ಪಟ್ಟನ್ನು ಮನೆ ಓನರ್ ಆಂಟಿಗೆ ಕೊಟ್ಟಳಂತೆ. ಅವರು "ಓ, ಯು ಶುಡಂಟ್ ಹ್ಯಾವ್!" ಅಂದರಂತೆ.

"ತರಬಾರದಿತ್ತು ಅಂದ್ರು ಮಾಮ. ಬೇಜಾರಾದ್ರಾ?"

"ಪೊಟ್ಟಣ ವಾಪಸ್ ಕೊಟ್ರಾ?"

"ಇಲ್ಲ. ಆಗಲೇ ಎರಡು ತಿಂದ್ರು."

"ಹಾಗಾದ್ರೆ ನಿಮ್ಮಜ್ಜಿ ಬಂದವರಿಗೆಲ್ಲ ಏನಂತಾಳೆ ನೆನಪು ಮಾಡ್ಕೋ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕಳು. "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ!"