ಸೆನ್ಸರಿನ ಮೇಲಿನ ದೂಳು ತೆಗೆದ ಬಗೆ: ನನ್ನ ಅನುಭವ

ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾದ ಚಿತ್ರಗಳಲ್ಲಿ, ಅದರಲ್ಲೂ ಆಕಾಶದ ಭಾಗದಲ್ಲಿ, ಒಂದೇ ಜಾಗದಲ್ಲಿ ಬೂದು ಚುಕ್ಕೆಗಳು ಕಾಣಿಸುತ್ತಿದ್ದವು. ಲೆನ್ಸ್ ಬದಲಿಸಿದರೂ ಅವು ಕದಲದಿದ್ದುದರಿಂದ, ದೂಳು ಇರುವುದು ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ ಫಲಕದ) ಮೇಲೆಯೇ ಎಂಬುದು ಖಚಿತವಾಯಿತು. ಎಫ್/4ರಲ್ಲಿ (ಲೆನ್ಸಿನ ರಂಧ್ರ ಅಗಲವಾಗಿದ್ದಾಗ) ಕಾಣದ ಚುಕ್ಕೆ ಎಫ್/16ರಲ್ಲಿ (ಅದು ಕಿರಿದಾದಾಗ) ಎದ್ದು ಕಾಣುವುದಕ್ಕೆ ಕಾರಣವಿದೆ: ಲೆನ್ಸಿನ ರಂಧ್ರ ಕಿರಿದಾದಷ್ಟೂ ಬೆಳಕಿನ ಶಂಕು ಸಪೂರವಾಗಿ, ಸೆನ್ಸರಿನ ಮುಂದಿನ ಗಾಜಿನ ಮೇಲೆ ಕುಳಿತ ಕಣದ ನೆರಳು ಸ್ಪಷ್ಟವಾಗುತ್ತದೆ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ (ನಡುವೆ ಅದು ಮುಗಿದರೆ ಸೆನ್ಸರಿನ ಮುಂದಿರುವ ಕನ್ನಡಿ ಕೆಳಗೆ ಬೀಳುತ್ತದೆ), ಮೆನುವಿನ ಮೂಲಕ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಲೆನ್ಸ್ ತೆಗೆದ ಕ್ಯಾಮೆರಾದ ಬಾಯಿಯನ್ನು ನೆಲದತ್ತ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿದೆ. ಬಾಯಿಂದ ಊದಿದರೆ ಎಂಜಲ ಹನಿಯೂ, ಡಬ್ಬಿಯಲ್ಲಿ ಸಿಗುವ ಒತ್ತಡದ ಗಾಳಿ ಬಳಸಿದರೆ ದ್ರವದ ಕಲೆಯೂ ಗಾಜಿನ ಮೇಲೆ ಉಳಿಯಬಹುದಾದ್ದರಿಂದ ಇವೆರಡನ್ನೂ ದಯವಿಟ್ಟು ಮಾಡಬೇಡಿ. ಬಹುಪಾಲು ಚುಕ್ಕೆಗಳು ಹೋದವು. ಚಿತ್ರದ ಮೇಲ್ಭಾಗದಲ್ಲಿ ಒಂದು ಮಾತ್ರ ಉಳಿಯಿತು. ಬಿಂಬ ತಲೆಕೆಳಗಾಗಿ ಮೂಡುವುದರಿಂದ ಆ ಕಣ ಇದ್ದದ್ದು ಸೆನ್ಸರಿನ ಕೆಳಭಾಗದಲ್ಲಿ. ಎಪಿಎಸ್-ಸಿ ಅಳತೆಯ (ನನ್ನ ಕ್ಯಾಮೆರಾದಲ್ಲಿರುವಂಥ) ಸೆನ್ಸರಿಗೆಂದೇ ಸಿಗುವ 16 ಮಿ.ಮೀ. ಅಗಲದ ಸ್ವಾಬ್‌ಗೆ (ತುದಿಗೆ ಮೆತ್ತನೆಯ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿಗೆ) ಎರಡು ಹನಿ ಶುಚಿದ್ರವ ಹಾಕಿ, ಹಗುರವಾಗಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಮ್ಮೆ ಎಳೆದು, ಅದರ ಮತ್ತೊಂದು ಮಗ್ಗುಲಿನಿಂದ ಹಿಂದಕ್ಕೆ ಎಳೆದೆ. ಎಫ್/16ರಲ್ಲಿ ಪರೀಕ್ಷಿಸಿದಾಗ ಆ ಚುಕ್ಕೆಯೂ ಇರಲಿಲ್ಲ. ಒಮ್ಮೆ ಬಳಸಿದ ಸ್ವಾಬ್ ಎಷ್ಟೇ ಶುಭ್ರವಾಗಿ ಕಂಡರೂ ಅದನ್ನು ಮತ್ತೆ ಬಳಸಬಾರದು. ಅದಕ್ಕೆ ಅಂಟಿದ ಕಣವೇ ಗಾಜನ್ನು ಗೀರಬಲ್ಲದು.